ಹೆಸರಿಗೊಂದೇ ಅರ್ಥ: ಲೇಟೆಕ್ ಕಡತಗಳಲ್ಲಿ ಗಣಿತದ ಸ್ವಂತ ಆಜ್ಞೆಗಳು ಮತ್ತು ಪ್ಯಾಕೇಜುಗಳ ಘರ್ಷಣೆ

12 ಮತ್ತು 18ರ ಲ.ಸಾ.ಅ. 36 ಎಂಬುದು ಕಾಸರಗೋಡಿನಲ್ಲಿಯೂ ಅಕ್ಕಲಕೋಟೆಯಲ್ಲಿಯೂ ಆದೋನಿಯಲ್ಲಿಯೂ ಒಂದೇ ಸತ್ಯ. ಅದನ್ನು ಹೇಳುವ ಪದ ಮಾತ್ರ ಬೇರೆ. ಮಲಯಾಳದಲ್ಲಿ ಅದು ಲ.ಸಾ.ಗು., ಮರಾಠಿಯಲ್ಲಿ ಲ.ಸಾ.ವಿ., ತೆಲುಗಿನಲ್ಲಿ ಕ.ಸಾ.ಗು. ಗಡಿಯಾಚೆಯ ಕನ್ನಡ ಮಾಧ್ಯಮ ಶಾಲೆಯ ಗಣಿತ ಶಿಕ್ಷಕರು ರಾಜ್ಯಭಾಷೆಯ ಪ್ರಶ್ನೆಪತ್ರಿಕೆಯನ್ನು ಒಂದು ಕೈಯಲ್ಲಿ ಹಿಡಿದು ಕನ್ನಡದ ಪ್ರತಿಯನ್ನು ಸಿದ್ಧಪಡಿಸುವಾಗ ಎರಡು ಹೊಣೆಗಳನ್ನು ಹೊರುತ್ತಾರೆ: ಪದ ಬದಲಾಗಬೇಕು, ಗಣಿತ ಬದಲಾಗಬಾರದು. ಅಕ್ಷರದ ತಪ್ಪನ್ನು ವಿದ್ಯಾರ್ಥಿ ಹೇಗೋ ಊಹಿಸಿಕೊಂಡು ಓದಬಲ್ಲನು. ಚಿಹ್ನೆಯ ತಪ್ಪಿಗೆ ಅವನು ಅಂಕಗಳಿಂದ ಬೆಲೆ ತೆರಬೇಕಾಗುತ್ತದೆ.

ಗಣಿತದ ಬರೆಹವನ್ನು ಅಚ್ಚುಕಟ್ಟಾಗಿ ಜೋಡಿಸಲು ಅನೇಕ ಶಿಕ್ಷಕರು ಈಗ ಲೇಟೆಕ್ ತಂತ್ರಾಂಶವನ್ನು ಬಳಸತೊಡಗಿದ್ದಾರೆ. ಅದರಲ್ಲಿ ಸ್ವಂತ ಆಜ್ಞೆಗಳನ್ನು ರಚಿಸಿಕೊಳ್ಳುವುದು ಹೇಗೆ, ಬೇರೆಯವರು ರಚಿಸಿದ ಪ್ಯಾಕೇಜುಗಳೊಡನೆ ಅವು ಘರ್ಷಿಸಿದಾಗ ಮಾಡಬೇಕಾದುದೇನು ಎಂಬುದನ್ನು ಈ ಲೇಖನ ವಿವರಿಸುತ್ತದೆ. ಆಜ್ಞೆಗಳನ್ನು ಗಣಕದಲ್ಲಿ ಓರೆಗೆರೆಯೊಂದನ್ನು ಮುಂದಿಟ್ಟು ರೋಮನ್ ಲಿಪಿಯಲ್ಲಿಯೇ ಟಂಕಿಸಬೇಕು. ಓದಿನ ಅನುಕೂಲಕ್ಕಾಗಿ ಇಲ್ಲಿ ಅವುಗಳ ಉಚ್ಚಾರಣೆಯನ್ನು ಕನ್ನಡದಲ್ಲಿ ಕೊಡಲಾಗಿದೆ.

ಹಿನ್ನೆಲೆ

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೊನಾಲ್ಡ್ ನೂತ್ ಅವರು ತಮ್ಮ ಗ್ರಂಥವೊಂದರ ಹೊಸ ಮುದ್ರಣದ ಕರಡಚ್ಚುಗಳಿಂದ ಅಸಮಾಧಾನಗೊಂಡು 1977ರಲ್ಲಿ ಟೆಕ್ ಎಂಬ ಅಕ್ಷರಜೋಡಣೆಯ ತಂತ್ರಾಂಶವನ್ನು ರೂಪಿಸಲು ತೊಡಗಿದರು. ಅದರ ಮೇಲೆ ಲೆಸ್ಲಿ ಲ್ಯಾಂಪೋರ್ಟ್ ಅವರು 1980ರ ದಶಕದಲ್ಲಿ ಕಟ್ಟಿದ ಆಜ್ಞಾಸಮೂಹವೇ ಲೇಟೆಕ್. ಇಂದು ಬಳಕೆಯಲ್ಲಿರುವ ಆವೃತ್ತಿಯ ಬುನಾದಿ 1994ರದು. ಟೆಕ್ ಬಳಕೆದಾರರ ಅಂತಾರಾಷ್ಟ್ರೀಯ ಸಂಘದ ವಾರ್ಷಿಕ ಸಮ್ಮೇಳನ 2002ರಲ್ಲಿಯೂ 2011ರಲ್ಲಿಯೂ ತಿರುವನಂತಪುರದಲ್ಲಿ ನಡೆದಿದೆ. ಆದುದರಿಂದ ಕೇರಳದ ಶಿಕ್ಷಕರಿಗೆ ಇದು ತೀರ ದೂರದ ವಿದ್ಯೆಯೇನೂ ಅಲ್ಲ.

ಲೇಟೆಕ್‌ನ ತಿರುಳು ಚಿಕ್ಕದು. ಉಳಿದ ಸೌಲಭ್ಯಗಳನ್ನು ಪ್ಯಾಕೇಜುಗಳೆಂಬ ಪ್ರತ್ಯೇಕ ಕಡತಗಳು ಒದಗಿಸುತ್ತವೆ. ಅಮೆರಿಕದ ಗಣಿತ ಸಂಘದ ಎಎಂಎಸ್‌ಮ್ಯಾತ್ ಸಮೀಕರಣಗಳಿಗೆ, ಟಿಕ್‌ಝಡ್ ಆಕೃತಿಗಳಿಗೆ, ಎಸ್‌ಐಯುನಿಟ್‌ಎಕ್ಸ್ ಅಳತೆಯ ಮಾನಗಳಿಗೆ, ಹೀಗೆ ಒಂದೊಂದು ಕೆಲಸಕ್ಕೆ ಒಂದೊಂದು ಪ್ಯಾಕೇಜು. ಒಂದನ್ನು ಬರೆದವರಿಗೆ ಇನ್ನೊಂದನ್ನು ಬರೆದವರ ಪರಿಚಯವಿರಬೇಕೆಂದಿಲ್ಲ. ಆದರೆ ಒಂದು ಕಡತದೊಳಗೆ ಬಂದಮೇಲೆ ಎಲ್ಲ ಆಜ್ಞೆಗಳ ಹೆಸರುಗಳೂ ಒಂದೇ ಪಟ್ಟಿಗೆ ಸೇರುತ್ತವೆ. ಒಂದೇ ತರಗತಿಯಲ್ಲಿ ಒಂದೇ ಹೆಸರಿನ ಇಬ್ಬರು ಮಕ್ಕಳಿದ್ದರೆ ಶಿಕ್ಷಕರು ಇನಿಷಿಯಲ್ ಸೇರಿಸಿ ಕರೆಯುತ್ತಾರೆ. ಲೇಟೆಕ್‌ಗೆ ಆ ಉಪಾಯ ತಿಳಿಯದು. ಕೊನೆಯಲ್ಲಿ ಬಂದ ಅರ್ಥವೇ ಅದರ ಪಾಲಿಗೆ ನಿಜವಾದ ಅರ್ಥ. ಘರ್ಷಣೆಗಳೆಲ್ಲದರ ಮೂಲ ಇಲ್ಲಿದೆ.

ಅರ್ಥವನ್ನು ಸೂಚಿಸುವ ಹೆಸರು

ಮತ್ತೆ ಮತ್ತೆ ಬರುವ ಬರೆಹಕ್ಕೆ ಒಂದು ಹೆಸರನ್ನಿಟ್ಟು, ಆ ಹೆಸರನ್ನು ಟಂಕಿಸಿದಾಗ ಪೂರ್ಣ ಬರೆಹ ಮೂಡುವಂತೆ ಮಾಡುವುದೇ ಸ್ವಂತ ಆಜ್ಞೆ. ಇದನ್ನು ಮ್ಯಾಕ್ರೊ ಎನ್ನುತ್ತಾರೆ. ಬೆರಳಿನ ಶ್ರಮ ಉಳಿಯುವುದು ಇದರ ಚಿಕ್ಕ ಪ್ರಯೋಜನ. ನಿರ್ಧಾರವೊಂದು ಕಡತದ ಒಂದೇ ಸ್ಥಳದಲ್ಲಿ ದಾಖಲಾಗುವುದು ದೊಡ್ಡ ಪ್ರಯೋಜನ.

ಲ.ಸಾ.ಅ. ಎಂಬುದನ್ನೇ ತೆಗೆದುಕೊಳ್ಳಬಹುದು. ಎಎಂಎಸ್‌ಮ್ಯಾತ್‌ನ ಡಿಕ್ಲೇರ್‌ಮ್ಯಾತ್‌ಆಪರೇಟರ್ ಎಂಬ ಆಜ್ಞೆಯ ಮೂಲಕ 'ಲಸಾ' ಎಂಬ ಹೊಸ ಹೆಸರನ್ನು ಕಡತದ ಪೀಠಿಕಾಭಾಗದಲ್ಲಿ ಒಮ್ಮೆ ಸೃಷ್ಟಿಸಿದರೆ ಸಾಕು. ಸೈನ್, ಲಾಗ್ ಮುಂತಾದ ಗಣಿತದ ಹೆಸರುಗಳಿಗೆ ದೊರೆಯುವ ನೇರ ಅಕ್ಷರವೂ ಸರಿಯಾದ ಅಂತರವೂ ಅದಕ್ಕೆ ತಾನಾಗಿ ದೊರೆಯುತ್ತವೆ. ಮರಾಠಿ ಪ್ರತಿಯ ಪೀಠಿಕೆಯಲ್ಲಿ ಅದೇ ಹೆಸರಿಗೆ ಲ.ಸಾ.ವಿ. ಎಂಬ ಅರ್ಥವನ್ನು, ತೆಲುಗು ಪ್ರತಿಯಲ್ಲಿ ಕ.ಸಾ.ಗು. ಎಂಬ ಅರ್ಥವನ್ನು ಕೊಡಬಹುದು. ಆಗ ಗಣಿತದ ಸಾಲುಗಳನ್ನು ಒಂದು ಪ್ರತಿಯಿಂದ ಇನ್ನೊಂದಕ್ಕೆ ಅಕ್ಷರವೂ ಬದಲಾಗದಂತೆ ಸಾಗಿಸಬಹುದು. ಅನುವಾದಕರ ಕೈ ಸಂಖ್ಯೆಗಳನ್ನು ಮುಟ್ಟುವ ಸಂದರ್ಭವೇ ಬರುವುದಿಲ್ಲ.

ಹೆಸರು ಅರ್ಥವನ್ನು ಹೇಳಬೇಕು, ರೂಪವನ್ನಲ್ಲ. ಸದಿಶವನ್ನು ದಪ್ಪಕ್ಷರದಲ್ಲಿ ಮುದ್ರಿಸುವ ಆಜ್ಞೆಗೆ 'ದಪ್ಪ' ಎಂದು ಹೆಸರಿಟ್ಟರೆ, ಮುಂದೆ ಪಠ್ಯಪುಸ್ತಕ ಬದಲಾಗಿ ಅಕ್ಷರದ ಮೇಲೆ ಬಾಣದ ಗುರುತು ಬೇಕಾದಾಗ ಆ ಹೆಸರು ಸುಳ್ಳಾಗುತ್ತದೆ. 'ಸದಿಶ' ಎಂದಿಟ್ಟಿದ್ದರೆ ಪೀಠಿಕೆಯ ಒಂದು ಸಾಲನ್ನು ತಿದ್ದಿದರೆ ಮುಗಿಯಿತು. ಆಜ್ಞೆಯ ಹೆಸರಿನಲ್ಲಿ ಅಕ್ಷರಗಳು ಮಾತ್ರ ಇರಬೇಕು, ಅಂಕಿಗಳಿಗೆ ಅಲ್ಲಿ ಸ್ಥಾನವಿಲ್ಲ ಎಂಬುದೂ ನೆನಪಿರಲಿ.

ಕನ್ನಡದ ಕಡತಗಳಲ್ಲಿ ಕಾಣುವ ಎರಡು ತೊಡಕುಗಳು

ಯೂನಿಕೋಡ್ ಕನ್ನಡವನ್ನು ಒತ್ತಕ್ಷರಗಳೊಡನೆ ಸರಿಯಾಗಿ ಮೂಡಿಸಲು ಝೀಲೇಟೆಕ್ ಅಥವಾ ಲುವಾಲೇಟೆಕ್ ಎಂಬ ಚಾಲಕವನ್ನು ಬಳಸಬೇಕು. ಇವು ಕನ್ನಡದ ಅಕ್ಷರಗಳನ್ನೂ ಅಕ್ಷರಗಳೆಂದೇ ಪರಿಗಣಿಸುತ್ತವೆ. ಇದರಿಂದ ಇಂಗ್ಲಿಷ್ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಕಾಣದ ತೊಡಕೊಂದು ಹುಟ್ಟುತ್ತದೆ. ಕನ್ನಡದಲ್ಲಿ ವಿಭಕ್ತಿಪ್ರತ್ಯಯ ಪದಕ್ಕೆ ಅಂಟಿಕೊಂಡೇ ಬರುತ್ತದೆ. ವಾಕ್ಯದ ನಡುವೆ ಬರುವ ಪಾರಿಭಾಷಿಕ ಪದವೊಂದಕ್ಕೆ ಆಜ್ಞೆಯನ್ನು ರಚಿಸಿಕೊಂಡು, ಅದರ ಬೆನ್ನಿಗೇ 'ವನ್ನು' ಎಂದು ಟಂಕಿಸಿದರೆ ತಂತ್ರಾಂಶ ಆಜ್ಞೆಯನ್ನೂ ಪ್ರತ್ಯಯವನ್ನೂ ಕೂಡಿಸಿ ಒಂದೇ ಹೆಸರೆಂದು ಓದುತ್ತದೆ. ಅಂಥ ಆಜ್ಞೆಯಿಲ್ಲವೆಂದು ದೂರುತ್ತದೆ. ನಡುವೆ ತೆರಪು ಬಿಟ್ಟರೂ ಪ್ರಯೋಜನವಿಲ್ಲ. ಆಜ್ಞೆಯ ನಂತರದ ತೆರಪನ್ನು ಲೇಟೆಕ್ ನುಂಗಿಬಿಡುವುದರಿಂದ, ಬೇರೆಯಾಗಿ ನಿಲ್ಲಬೇಕಾದ ಮುಂದಿನ ಪದವೂ ಅಂಟಿಕೊಂಡು ಮೂಡುತ್ತದೆ. ಆಜ್ಞೆಯ ಹಿಂದೆಯೇ ತೆರೆದು ಮುಚ್ಚಿದ ಖಾಲಿ ಪುಷ್ಪಾವರಣವನ್ನು ಇಡುವುದು ಎರಡಕ್ಕೂ ಪರಿಹಾರ. ಆವರಣದ ನಂತರ ಪ್ರತ್ಯಯವನ್ನು ತೆರಪಿಲ್ಲದೆ ಬರೆಯಬಹುದು, ಹೊಸ ಪದವನ್ನು ತೆರಪು ಬಿಟ್ಟು ಬರೆಯಬಹುದು.

ಎರಡನೆಯ ತೊಡಕು ಇನ್ನೂ ಅಪಾಯಕಾರಿ. ಸಮೀಕರಣದೊಳಗೆ ಕನ್ನಡ ಪದವನ್ನು ನೇರವಾಗಿ ಟಂಕಿಸಿದರೆ ಗಣಿತದ ಅಕ್ಷರವಿನ್ಯಾಸದಲ್ಲಿ ಕನ್ನಡದ ಅಚ್ಚುಗಳಿಲ್ಲದ ಕಾರಣ ಆ ಪದವೇ ಮಾಯವಾಗುತ್ತದೆ. ಕೆಲಸ ನಿಲ್ಲುವುದಿಲ್ಲ, ಅಕ್ಷರ ದೊರೆಯಲಿಲ್ಲವೆಂಬ ಟಿಪ್ಪಣಿಯೊಂದು ವರದಿ ಕಡತದಲ್ಲಿ ಉಳಿಯುತ್ತದೆ, ಅಷ್ಟೆ. 'ವಿಸ್ತೀರ್ಣ = ಉದ್ದ × ಅಗಲ' ಎಂಬ ಸೂತ್ರದಲ್ಲಿ ಸಮಚಿಹ್ನೆಯೂ ಗುಣಾಕಾರದ ಚಿಹ್ನೆಯೂ ಮಾತ್ರ ಉಳಿದ ಪುಟ ಮುದ್ರಣಕ್ಕೆ ಹೋಗುವುದು ಹೀಗೆ. ಕನ್ನಡ ಪದವನ್ನು ಎಎಂಎಸ್‌ಮ್ಯಾತ್‌ನ ಟೆಕ್ಸ್ಟ್ ಎಂಬ ಆಜ್ಞೆಯೊಳಗೆ ಇಟ್ಟರೆ ಅದು ಉಳಿಯುತ್ತದೆ. ಮೇಲಿನ 'ಲಸಾ' ಆಜ್ಞೆಯ ಅರ್ಥದಲ್ಲಿಯೂ ಈ ಹೊದಿಕೆ ಇರಲೇಬೇಕು. 2021ರ ಟೆಕ್ ಲೈವ್ ಸಂಚಿಕೆಯಿಂದೀಚೆಗೆ, ಟ್ರೇಸಿಂಗ್‌ಲಾಸ್ಟ್‌ಚಾರ್ಸ್ ಎಂಬ ಅಳತೆಗೆ 3 ಎಂಬ ಬೆಲೆಯನ್ನು ಕೊಟ್ಟರೆ ಅಕ್ಷರ ಕಳೆದೊಡನೆ ಅದು ದೋಷವೆಂದೇ ಘೋಷಿತವಾಗುತ್ತದೆ. ಪ್ರಶ್ನೆಪತ್ರಿಕೆಯ ಪ್ರತಿಯೊಂದು ಕಡತದಲ್ಲಿಯೂ ಈ ಸಾಲು ಇರುವುದು ಲೇಸು.

ಹೆಸರಿಡುವ ನಾಲ್ಕು ವಿಧಾನಗಳು

ಹೊಸ ಆಜ್ಞೆಗೆ ಅರ್ಥ ಕೊಡಲು ಮುಖ್ಯವಾಗಿ ನಾಲ್ಕು ದಾರಿಗಳಿವೆ. ಅವುಗಳ ನಡುವಣ ಭೇದವನ್ನು ತಿಳಿದವರಿಗೆ ಅರ್ಧ ಘರ್ಷಣೆಗಳು ಬಾಧಿಸುವುದಿಲ್ಲ.

ನ್ಯೂಕಮಾಂಡ್ ಎಂಬುದು ಮೊದಲು ವಿಚಾರಿಸಿ ಅನಂತರ ಹೆಸರಿಡುತ್ತದೆ. ಆ ಹೆಸರು ಈಗಾಗಲೇ ಬಳಕೆಯಲ್ಲಿದ್ದರೆ ದೋಷವೆಂದು ಹೇಳಿ ನಿಲ್ಲುತ್ತದೆ. ರಿನ್ಯೂಕಮಾಂಡ್ ಇದಕ್ಕೆ ವಿರುದ್ಧ: ಹೆಸರು ಮೊದಲೇ ಇದ್ದರೆ ಮಾತ್ರ ಅದರ ಅರ್ಥವನ್ನು ಬದಲಿಸುತ್ತದೆ, ಇಲ್ಲದಿದ್ದರೆ ದೋಷವೆನ್ನುತ್ತದೆ. ಪ್ರೊವೈಡ್‌ಕಮಾಂಡ್ ಹೆಸರು ಇಲ್ಲದಿದ್ದರೆ ಸೃಷ್ಟಿಸುತ್ತದೆ. ಇದ್ದರೆ ಹಳೆಯ ಅರ್ಥವನ್ನೇ ಉಳಿಸಿ ಸುಮ್ಮನಾಗುತ್ತದೆ. ಟೆಕ್‌ನ ಮೂಲ ಆಜ್ಞೆಯಾದ ಡೆಫ್ ಏನನ್ನೂ ವಿಚಾರಿಸುವುದಿಲ್ಲ. ಇದ್ದುದನ್ನು ಅಳಿಸಿ ತನ್ನದನ್ನು ಬರೆಯುತ್ತದೆ.

ಶಿಕ್ಷಕರ ಬಳಕೆಗೆ ನ್ಯೂಕಮಾಂಡ್ ಒಂದೇ ಸಾಮಾನ್ಯ ನಿಯಮವಾಗಿರಲಿ. ಅದು ದೋಷಸಂದೇಶ ಕೊಟ್ಟಾಗ ತಕ್ಷಣ 'ರಿ' ಸೇರಿಸಿ ರಿನ್ಯೂಕಮಾಂಡ್ ಎಂದು ತಿದ್ದಿ ಮುಂದುವರಿಯುವ ಅಭ್ಯಾಸ ವ್ಯಾಪಕವಾಗಿದೆ. ಅದರ ಫಲವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಪ್ಲಸ್ ಟೂ ತರಗತಿಯ ಅನುಕಲನದ ಪಾಠಕ್ಕಾಗಿ ಅವಕಲದ 'ಡಿ' ಅಕ್ಷರವನ್ನು ನೇರವಾಗಿ ಮೂಡಿಸಲು 'ಡಿ' ಎಂಬ ಒಂದೇ ಅಕ್ಷರದ ಆಜ್ಞೆ ಬೇಕೆನಿಸುತ್ತದೆ. ಆದರೆ ಲೇಟೆಕ್‌ನಲ್ಲಿ ಆ ಹೆಸರು ಅಕ್ಷರದ ಕೆಳಗೆ ಚುಕ್ಕಿಯಿಡುವ ಆಜ್ಞೆಗೆ ಮೀಸಲು. ಕಾಸರಗೋಡು ಎಂಬ ಊರ ಹೆಸರನ್ನು ರೋಮನ್ ಲಿಪಿಯಲ್ಲಿ ಶಾಸ್ತ್ರೀಯವಾಗಿ ಬರೆಯುವಾಗ 'ಡು' ಅಕ್ಷರಕ್ಕೆ ಬೇಕಾದ ಚುಕ್ಕಿ ಅದೇ. ಬಲವಂತವಾಗಿ ಅರ್ಥ ಬದಲಿಸಿದರೆ ಅನುಕಲನ ಸೊಗಸಾಗಿ ಮೂಡುತ್ತದೆ; ಆ ಚುಕ್ಕಿಯನ್ನು ಇದೇ ಆಜ್ಞೆಯಿಂದ ಪಡೆಯುತ್ತಿದ್ದ ಸಾಲು ಹತ್ತಾರು ಪುಟಗಳಾಚೆ ಕೆಡುತ್ತದೆ. ಕಾರಣವಿರುವುದು ಒಂದೆಡೆ, ದೋಷ ಕಾಣಿಸುವುದು ಇನ್ನೊಂದೆಡೆ. ಸಿ, ಬಿ, ಒ, ಎಸ್, ಪಿ ಮುಂತಾದ ಅನೇಕ ಒಂಟಿ ಅಕ್ಷರಗಳ ಹೆಸರುಗಳಿಗೂ ಹೀಗೆಯೇ ಒಡೆಯರಿದ್ದಾರೆ. ಒಂದೇ ಅಕ್ಷರದ ಹೆಸರನ್ನು ಇಡದಿರುವುದೇ ಕ್ಷೇಮ.

ಸದ್ದಿಲ್ಲದ ಘರ್ಷಣೆ

ದೋಷಸಂದೇಶ ಕೊಟ್ಟು ನಿಲ್ಲುವ ಘರ್ಷಣೆ ವಾಸ್ತವವಾಗಿ ಉಪಕಾರಿ. ಪುಟ ಸಿದ್ಧವಾಗದ ಕಾರಣ ತಪ್ಪು ಹೊರಗೆ ಹೋಗುವುದಿಲ್ಲ. ಭಯಪಡಬೇಕಾದದ್ದು ಸದ್ದಿಲ್ಲದ ಘರ್ಷಣೆಗೆ.

ಇದರ ಉತ್ತಮ ನಿದರ್ಶನ ಭಾಗಾಕಾರದ ಚಿಹ್ನೆಯಲ್ಲಿದೆ. ಲೇಟೆಕ್‌ನಲ್ಲಿ 'ಡಿವ್' ಎಂಬ ಆಜ್ಞೆ ÷ ಚಿಹ್ನೆಯನ್ನು ಕೊಡುತ್ತದೆ. ಪದವಿ ಮಟ್ಟದ ಭೌತಶಾಸ್ತ್ರದ ಬರೆಹಕ್ಕಾಗಿ ರಚಿತವಾದ ಫಿಸಿಕ್ಸ್ ಎಂಬ ಪ್ಯಾಕೇಜು ಅದೇ ಹೆಸರನ್ನು ಸದಿಶ ಕ್ಷೇತ್ರದ ಅಪಸರಣಕ್ಕೆ ಬಳಸಿಕೊಳ್ಳುತ್ತದೆ, ಮೂಲ ಚಿಹ್ನೆಯನ್ನು 'ಡಿವಿಷನ್‌ಸಿಂಬಲ್' ಎಂಬ ಬೇರೆ ಹೆಸರಿಗೆ ಸಾಗಿಸುತ್ತದೆ. ವಿಜ್ಞಾನದ ಕಡತದಿಂದ ಪೀಠಿಕೆಯನ್ನು ನಕಲು ಮಾಡಿಕೊಂಡು ಐದನೆಯ ತರಗತಿಯ ಗಣಿತ ಪತ್ರಿಕೆಗೆ ಬಳಸಿದರೆ, '12 ÷ 3' ಬರಬೇಕಾದ ಕಡೆ 12 ಮತ್ತು 3ರ ನಡುವೆ ತಲೆಕೆಳಗಾದ ತ್ರಿಕೋನವೂ ಒಂದು ಚುಕ್ಕಿಯೂ ಮೂಡುತ್ತವೆ. ಕೆಲಸ ನಿಲ್ಲುವುದಿಲ್ಲ, ಪುಟ ಅಂದವಾಗಿಯೇ ಸಿದ್ಧವಾಗುತ್ತದೆ. ಕನ್ನಡ ಮಾಧ್ಯಮಕ್ಕೆ ಒಬ್ಬರೇ ಗಣಿತ ಶಿಕ್ಷಕರಿದ್ದು ಕರಡನ್ನು ನೋಡಲು ಎರಡನೆಯ ಕಣ್ಣಿಲ್ಲದ ಶಾಲೆಯಲ್ಲಿ, ಆ ಚಿಹ್ನೆಯನ್ನು ಮೊದಲು ಕಾಣುವುದು ಹತ್ತು ವರ್ಷದ ಮಗು. ತನಗೆ ಕಲಿಸದ ಪಾಠವೊಂದು ಉಳಿದಿದೆಯೆಂದು ಅದು ತಿಳಿಯುತ್ತದೆಯೇ ಹೊರತು ಪತ್ರಿಕೆ ತಪ್ಪಿದೆಯೆಂದು ತಿಳಿಯುವುದಿಲ್ಲ.

ಶಾಲಾ ಗಣಿತದ ಕಡತದಲ್ಲಿ ಆ ಪ್ಯಾಕೇಜನ್ನು ಸೇರಿಸದಿರುವುದೇ ಸರಳ ಪರಿಹಾರ. ಬಳಸದ ಪ್ಯಾಕೇಜು ಪೀಠಿಕೆಯಲ್ಲಿ ಇರಬಾರದು ಎಂಬ ಸಾಮಾನ್ಯ ನಿಯಮಕ್ಕೆ ಇದಕ್ಕಿಂತ ಬೇರೆ ಸಮರ್ಥನೆ ಬೇಡ. ಅನಿವಾರ್ಯವಾಗಿ ಸೇರಿಸಬೇಕಾದರೆ ಭಾಗಾಕಾರಕ್ಕೆ 'ಡಿವಿಷನ್‌ಸಿಂಬಲ್' ಹೆಸರನ್ನೇ ಬಳಸಬೇಕು.

ಪ್ಯಾಕೇಜನ್ನು ಸೇರಿಸುವ ಮೊದಲೇ ಹಳೆಯ ಅರ್ಥವನ್ನು ಕಾಪಾಡಿಕೊಳ್ಳುವ ಕ್ರಮವೂ ಉಂಟು. ಅಲ್ಲಿ ಒಂದು ಸೂಕ್ಷ್ಮವಿದೆ. ನ್ಯೂಕಮಾಂಡ್ ಮೂಲಕ 'ಭಾಗ' ಎಂಬ ಹೆಸರನ್ನಿಟ್ಟು ಅದರ ಅರ್ಥ 'ಡಿವ್' ಎಂದು ಹೇಳಿದರೆ, ಮುಂದೆ ಡಿವ್‌ನ ಅರ್ಥ ಬದಲಾದಾಗ 'ಭಾಗ'ದ ಅರ್ಥವೂ ಬದಲಾಗುತ್ತದೆ. ಅಲ್ಲಿ ದಾಖಲಾದದ್ದು ಹೆಸರು ಮಾತ್ರ, ವಸ್ತುವಲ್ಲ. ಲೆಟ್ ಎಂಬ ಆಜ್ಞೆ ಹಾಗಲ್ಲ. ಆ ಕ್ಷಣದಲ್ಲಿರುವ ಅರ್ಥವನ್ನೇ ಅದು ನಕಲು ತೆಗೆದಿಡುತ್ತದೆ. ಮೊದಲನೆಯದು 'ಮುಖ್ಯೋಪಾಧ್ಯಾಯರನ್ನು ಕೇಳಿ' ಎಂಬ ಚೀಟಿಯಿದ್ದಂತೆ, ಮುಖ್ಯೋಪಾಧ್ಯಾಯರು ವರ್ಗವಾದರೆ ಉತ್ತರವೂ ಬೇರೆಯಾದೀತು. ಎರಡನೆಯದು ಅವರು ಅಂದು ಸಹಿ ಮಾಡಿದ ಆದೇಶದ ಪ್ರತಿಯಿದ್ದಂತೆ.

ಯೂನಿಕೋಡ್-ಮ್ಯಾತ್ ಎಂಬ ಪ್ಯಾಕೇಜನ್ನು ಬಳಸುವವರು ಇನ್ನೊಂದು ಅಂಶವನ್ನು ಗಮನಿಸಬೇಕು. ಅದು ಗಣಿತಚಿಹ್ನೆಗಳಿಗೆ ಅರ್ಥ ಕೊಡುವುದು ಪೀಠಿಕೆಯಲ್ಲಲ್ಲ, ದಸ್ತಾವೇಜು ಆರಂಭವಾಗುವ ಹೊತ್ತಿನಲ್ಲಿ. ಆದುದರಿಂದ ಪೀಠಿಕೆಯಲ್ಲಿ ಚಿಹ್ನೆಗಳ ಅರ್ಥವನ್ನು ತಿದ್ದಿದರೂ ಅದು ಉಳಿಯುವುದಿಲ್ಲ. ಅಂಥ ತಿದ್ದುಪಡಿಗಳನ್ನೂ ನಕಲುಗಳನ್ನೂ ಅಟ್‌ಬಿಗಿನ್‌ಡಾಕ್ಯುಮೆಂಟ್ ಎಂಬ ಆಜ್ಞೆಯೊಳಗೆ, ಆ ಪ್ಯಾಕೇಜನ್ನು ಸೇರಿಸಿದ ನಂತರ ಬರೆಯಬೇಕು.

ಎಚ್ಚರಿಕೆಯೂ ದೋಷವೂ

ದೋಷಕ್ಕೂ ಮೌನಕ್ಕೂ ನಡುವೆ ಎಚ್ಚರಿಕೆಯ ಸಂದೇಶಗಳಿವೆ. ಎಸ್‌ಐಯುನಿಟ್‌ಎಕ್ಸ್‌ನ ಮೂರನೆಯ ಆವೃತ್ತಿ ಪರಿಮಾಣವನ್ನು ಮಾನದೊಡನೆ ಬರೆಯಲು 'ಕ್ಯೂಟಿವೈ' ಎಂಬ ಹೆಸರನ್ನು ಆರಿಸಿಕೊಂಡಿತು. ಫಿಸಿಕ್ಸ್ ಪ್ಯಾಕೇಜಿನಲ್ಲಿ ಅದೇ ಹೆಸರು ಆವರಣ ಚಿಹ್ನೆಗಳಿಗಾಗಿ ಮೊದಲೇ ಇತ್ತು. ಎರಡೂ ಸೇರಿದಾಗ ಎಸ್‌ಐಯುನಿಟ್‌ಎಕ್ಸ್ ತನ್ನ ಅರ್ಥವನ್ನು ಕೈಬಿಟ್ಟು ಹಾಗೆಂದು ವರದಿಯಲ್ಲಿ ಬರೆಯುತ್ತದೆ. ವರದಿಯನ್ನು ಓದದವರಿಗೆ ಅಳತೆಯ ಮಾನಗಳು ಏಕೆ ಕೆಟ್ಟವೆಂದು ತಿಳಿಯುವುದಿಲ್ಲ.

ಆಯ್ಕೆಗಳ ಘರ್ಷಣೆ ಇನ್ನೊಂದು ಬಗೆ. ಟಿಕ್‌ಝಡ್ ತಾನೇ ಎಕ್ಸ್‌ಕಲರ್ ಎಂಬ ಬಣ್ಣದ ಪ್ಯಾಕೇಜನ್ನು ಒಳಗೆ ಕರೆದುಕೊಳ್ಳುತ್ತದೆ. ಅನಂತರ ಶಿಕ್ಷಕರು ಕೋಷ್ಟಕಗಳಿಗೆ ಬಣ್ಣ ಬೇಕೆಂದು ಅದೇ ಎಕ್ಸ್‌ಕಲರನ್ನು ಹೊಸ ಆಯ್ಕೆಯೊಡನೆ ಮತ್ತೆ ಕರೆದರೆ ಆಯ್ಕೆಗಳು ಹೊಂದುವುದಿಲ್ಲವೆಂಬ ದೋಷ ಬರುತ್ತದೆ. ಆಯ್ಕೆಯಿರುವ ಕರೆಯನ್ನು ಟಿಕ್‌ಝಡ್‌ಗಿಂತ ಮೊದಲು ಇಟ್ಟರೆ ಸಾಕು.

ಹೀಗೆ ಅನೇಕ ಘರ್ಷಣೆಗಳು ಕ್ರಮದಿಂದಲೇ ಪರಿಹಾರವಾಗುತ್ತವೆ. ಎಎಂಎಸ್‌ಮ್ಯಾತ್ ಮೊದಲು, ಅದರ ನಂತರ ಯೂನಿಕೋಡ್-ಮ್ಯಾತ್. ಕೊಂಡಿಗಳನ್ನು ಒದಗಿಸುವ ಹೈಪರ್‌ರೆಫ್ ಬಹುಮಟ್ಟಿಗೆ ಕೊನೆಯಲ್ಲಿ. ಕ್ಲೆವರ್‌ರೆಫ್ ಬೇಕಾದರೆ ಹೈಪರ್‌ರೆಫ್‌ಗೂ ನಂತರ. ಸ್ವಂತ ಆಜ್ಞೆಗಳು ಎಲ್ಲ ಪ್ಯಾಕೇಜುಗಳ ಬಳಿಕ. ಸ್ವಂತ ಆಜ್ಞೆಗಳನ್ನು ಕೊನೆಗಿಡುವುದರ ಉದ್ದೇಶ ಸ್ಪಷ್ಟ. ಆಗ ನ್ಯೂಕಮಾಂಡ್ ಅದುವರೆಗೆ ಸೇರಿದ ಹೆಸರುಗಳನ್ನೆಲ್ಲ ವಿಚಾರಿಸಿ ನೋಡುತ್ತದೆ. ಮೊದಲೇ ಇಟ್ಟರೆ ಮುಂದೆ ಬರುವ ಪ್ಯಾಕೇಜು ಅವುಗಳನ್ನು ಸದ್ದಿಲ್ಲದೆ ಅಳಿಸಬಹುದು.

ಕಾರಣವನ್ನು ಹುಡುಕುವ ಕ್ರಮ

ಯಾವುದೇ ಆಜ್ಞೆಯ ಈಗಿನ ಅರ್ಥವನ್ನು ತಿಳಿಯಲು ಅದರ ಮುಂದೆ ಶೋ ಎಂಬ ಆಜ್ಞೆಯನ್ನು ಬರೆದು ಕಡತವನ್ನು ನಡೆಸಬೇಕು. ಅರ್ಥ ತೆರೆಯ ಮೇಲೆಯೂ ವರದಿಯಲ್ಲಿಯೂ ಕಾಣುತ್ತದೆ. ಒಂದು ಪ್ಯಾಕೇಜಿನ ಮೊದಲು ಮತ್ತು ನಂತರ ಎರಡು ಕಡೆ ಹೀಗೆ ಕೇಳಿದರೆ ಅರ್ಥವನ್ನು ಬದಲಿಸಿದ್ದು ಅದೇ ಹೌದೋ ಅಲ್ಲವೋ ಎಂಬುದು ನಿರ್ಣಯವಾಗುತ್ತದೆ.

ಯಾವ ಪ್ಯಾಕೇಜಿನ ಮೇಲೂ ಸಂದೇಹವಿಲ್ಲದಾಗ ನಿಘಂಟಿನಲ್ಲಿ ಪದ ಹುಡುಕುವ ವಿಧಾನವನ್ನೇ ಅನುಸರಿಸಬಹುದು. ತೊಂದರೆ ಕೊಡುವ ಒಂದೇ ಸಾಲನ್ನು ಉಳಿಸಿಕೊಂಡ ಚಿಕ್ಕ ಕಡತವೊಂದನ್ನು ಮೊದಲು ಸಿದ್ಧಪಡಿಸಬೇಕು. ಅದರಲ್ಲಿ 16 ಪ್ಯಾಕೇಜುಗಳಿದ್ದರೆ ಮೊದಲ 8ನ್ನು ಮಾತ್ರ ಉಳಿಸಿ ನಡೆಸಬೇಕು. ತೊಂದರೆ ಕಂಡರೆ ಮೊದಲ 4ಕ್ಕೆ ಇಳಿಯಬೇಕು, ಕಾಣದಿದ್ದರೆ 12ಕ್ಕೆ ಏರಬೇಕು. ಹೀಗೆ ನಾಲ್ಕು ಪರೀಕ್ಷೆಗಳಲ್ಲಿ, ಯಾವುದನ್ನು ಸೇರಿಸಿದೊಡನೆ ತೊಂದರೆ ಮೊದಲು ಕಾಣುತ್ತದೆಯೋ ಆ ಪ್ಯಾಕೇಜು ಸಿಕ್ಕುತ್ತದೆ. ಘರ್ಷಣೆ ಎರಡರ ನಡುವಿನದಾದರೆ ಇದು ಎರಡನೆಯದು. ಅದನ್ನು ಉಳಿಸಿಕೊಂಡು ಅದರ ಹಿಂದಿನವುಗಳಲ್ಲಿ ಇದೇ ಕ್ರಮದಿಂದ ಜೊತೆಗಾರನನ್ನು ಹುಡುಕಬೇಕು. ಒಂದೊಂದನ್ನೇ ತೆಗೆದು ನೋಡುವುದಕ್ಕಿಂತ ಇದು ಬೇಗ ಮುಗಿಯುತ್ತದೆ. ಎರಡರ ಘಾತಗಳ ಪಾಠಕ್ಕೆ ತರಗತಿಯಲ್ಲಿ ಹೇಳಬಹುದಾದ ಉದಾಹರಣೆಯೂ ಆಗುತ್ತದೆ.

ಶಾಲೆಗಳು ಹಂಚಿಕೊಳ್ಳುವಾಗ

ಒಂದು ಉಪಜಿಲ್ಲೆಯ ಅಥವಾ ತಾಲ್ಲೂಕಿನ ಕನ್ನಡ ಶಾಲೆಗಳು ಪ್ರಶ್ನೆಭಂಡಾರವನ್ನು ಹಂಚಿಕೊಳ್ಳಬೇಕಾದರೆ ಸ್ವಂತ ಆಜ್ಞೆಗಳೆಲ್ಲ ಒಂದೇ ಪ್ರತ್ಯೇಕ ಕಡತದಲ್ಲಿರಬೇಕು. ಪ್ರತಿಯೊಂದು ಆಜ್ಞೆಯ ಪಕ್ಕದಲ್ಲಿ ಅದರ ಅರ್ಥವನ್ನೂ ಸೇರಿಸಿದ ದಿನಾಂಕವನ್ನೂ ಒಂದು ಸಾಲಿನ ಟಿಪ್ಪಣಿಯಾಗಿ ಬರೆಯಬೇಕು. ಹೆಸರುಗಳ ಮುಂದೆ ಆ ಗುಂಪಿಗೆ ಸೇರಿದ ಎರಡು ಮೂರು ಅಕ್ಷರಗಳ ಗುರುತನ್ನು ಸೇರಿಸಿದರೆ, ಹೊರಗಿನ ಪ್ಯಾಕೇಜಿನ ಹೆಸರಿನೊಡನೆ ಅವು ತಾಗುವ ಸಂಭವ ಬಹಳ ಕಡಿಮೆಯಾಗುತ್ತದೆ. ಪ್ರಶ್ನೆಗಳನ್ನು ಬರೆಯುವವರು ಆ ಕಡತದಲ್ಲಿಲ್ಲದ ಆಜ್ಞೆಯನ್ನು ತಮ್ಮ ಪ್ರಶ್ನೆಯೊಳಗೇ ಸೃಷ್ಟಿಸಿಕೊಳ್ಳಬಾರದು. ಬೇಕೆನಿಸಿದ್ದನ್ನು ಎಲ್ಲರ ಒಪ್ಪಿಗೆಯಿಂದ ಸಾಮಾನ್ಯ ಕಡತಕ್ಕೇ ಸೇರಿಸಬೇಕು.

ಈ ಕಡತದೊಡನೆ ಒಂದು ಪರೀಕ್ಷಾ ಪುಟವೂ ಇರಲಿ. ಶಾಲಾ ಗಣಿತದ ಚಿಹ್ನೆಗಳು, ಕನ್ನಡ ಪದವಿರುವ ಒಂದು ಸೂತ್ರ, ಪ್ರತ್ಯಯ ಅಂಟಿದ ಒಂದು ಆಜ್ಞೆ, ಒಂದು ಭಾಗಾಕಾರ, ಒಂದು ಅಳತೆ, ಒಂದು ಲ.ಸಾ.ಅ. ಮತ್ತು ಒಂದು ಮ.ಸಾ.ಅ. ಆ ಪುಟದಲ್ಲಿರಬೇಕು. ಹೊಸ ಪ್ಯಾಕೇಜನ್ನು ಸೇರಿಸಿದಾಗಲೂ ತಂತ್ರಾಂಶದ ಹೊಸ ಸಂಚಿಕೆಯನ್ನು ಅಳವಡಿಸಿದಾಗಲೂ ಈ ಪುಟವನ್ನು ಮುದ್ರಿಸಿ ಹಳೆಯದರೊಡನೆ ಹೋಲಿಸಿ ನೋಡಬೇಕು. ಸದ್ದಿಲ್ಲದ ಘರ್ಷಣೆಯನ್ನು ಹಿಡಿಯಲು ಕಣ್ಣಿಗಿಂತ ನಂಬಿಕೆಯ ಸಾಧನವಿಲ್ಲ. ಆ ಕಣ್ಣಿಗೆ ನೂರು ಪುಟಗಳ ಬದಲು ಒಂದೇ ಪುಟದ ಕೆಲಸ ಕೊಡುವುದು ಈ ಏರ್ಪಾಡಿನ ಲಾಭ. ಹಳೆಯ ಪುಟಕ್ಕೂ ಹೊಸ ಪುಟಕ್ಕೂ ಒಂದು ಚಿಹ್ನೆಯಷ್ಟು ವ್ಯತ್ಯಾಸ ಕಂಡರೂ, ಅದರ ಕಾರಣ ತಿಳಿಯುವವರೆಗೆ ಪ್ರಶ್ನೆಪತ್ರಿಕೆ ಮುದ್ರಣಕ್ಕೆ ಹೋಗಬಾರದು.